ಗಾಳಿಯ ಇಂಗಾಲ ಕಲ್ಲಾಗುವ ಬಗೆ

(ಬೀದರಿನಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಒಂದಷ್ಟು ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸುಣ್ಣದಿಂದ ಶುರು ಮಾಡುತ್ತೇನೆ. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುವುದನ್ನು ನೀವೆಲ್ಲ ನೋಡಿದ್ದೀರಿ. ಬಳಿದ ದಿನ ಮುಟ್ಟಿದರೆ ಕೈಗೆ ಹತ್ತುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಗಟ್ಟಿಯಾಗಿ ಕೂತಿರುತ್ತದೆ. ಬರೀ ನೀರು ಆರಿದ್ದರಿಂದ ಹೀಗಾಗುವುದಿಲ್ಲ. ಗೋಡೆಯ ಮೇಲಿನ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲಾಗಿರುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ನೀರು ಬೆಳ್ಳಗಾಗುತ್ತದಲ್ಲ, ಅದೂ ಇದೇ ಕ್ರಿಯೆ.

ಹಾಗಾದರೆ ಊರ ತುಂಬ ಸುಣ್ಣ ಹರಡಿಬಿಟ್ಟರೆ ಭೂಮಿಯನ್ನು ಬಿಸಿ ಮಾಡುವ ಈ ಅನಿಲ ಕಡಿಮೆಯಾಗಿ ಗಾಳಿ ಸರಿಹೋಗುತ್ತದಾ? ಇಲ್ಲ. ಆ ಸುಣ್ಣ ಬಂದದ್ದಾದರೂ ಎಲ್ಲಿಂದ? ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟದ್ದರಿಂದ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಉರುವಲಿನ ಹೊಗೆ ಇದರ ಮೇಲೆ. ಗೂಡು ಬಿಟ್ಟದ್ದನ್ನೇ ಗೋಡೆ ವಾಪಸ್ ತೆಗೆದುಕೊಂಡಿತು, ಅಷ್ಟೆ. ಪಕ್ಕದ ಜಿಲ್ಲೆಯ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಮಾಡುವುದೂ ಇದೇ ಸುಡುವ ಕೆಲಸ. ಅಲ್ಲಿ ಬರುವ ಇಂಗಾಲದಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದಲ್ಲ, ಕಲ್ಲಿನದೇ.

ಈ ಸುತ್ತನ್ನೇ ಜಾಣತನದಿಂದ ಬಳಸಿಕೊಂಡವರೂ ಇದ್ದಾರೆ. ಅಮೆರಿಕದ ಹೇರ್‌ಲೂಮ್ ಅನ್ನುವ ಕಂಪನಿ 2023ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನಲ್ಲಿ ಒಂದು ಘಟಕ ತೆರೆಯಿತು. ವಿದ್ಯುತ್ ಕುಲುಮೆಯಲ್ಲಿ ಸುಣ್ಣದ ಕಲ್ಲು ಕಾಯಿಸುತ್ತಾರೆ. ಹೊರಬಂದ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಉಳಿದ ಸುಣ್ಣಕ್ಕೆ ನೀರು ಸೇರಿಸಿ ತಟ್ಟೆಗಳ ಮೇಲೆ ಹರಡುತ್ತಾರೆ. ಸುಮಾರು ಮೂರು ದಿನದಲ್ಲಿ ಅದು ಗಾಳಿಯಿಂದ ಮತ್ತೆ ಇಂಗಾಲ ಹೀರಿಕೊಳ್ಳುತ್ತದೆ. ಮತ್ತೆ ಕುಲುಮೆಗೆ. ಘಟಕದ ಸಾಮರ್ಥ್ಯ ವರ್ಷಕ್ಕೆ 1,000 ಟನ್. ಉಪಾಯ ಚೆನ್ನಾಗಿದೆ. ಆದರೆ ಇಲ್ಲಿ ಕಲ್ಲು ಬರೀ ಹಮಾಲಿ. ಹೊತ್ತು ತಂದು ಇಳಿಸುತ್ತದೆ, ಮತ್ತೆ ಹೋಗುತ್ತದೆ. ಇಳಿಸಿದ ಅನಿಲವನ್ನು ಎಲ್ಲಿ ಇಡುವುದು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ನಮಗೆ ಬೇಕಾದದ್ದು ಬೇರೆ ಜಾತಿಯ ಕಲ್ಲು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳವಾಗಿರಬೇಕು. ಆದರೆ ಅವು ಇನ್ನೂ ಇಂಗಾಲದ ಜೊತೆ ಸೇರಿರಬಾರದು. ಅಂಥ ಕಲ್ಲು ಭೂಮಿಯ ಒಳಗಿನಿಂದ ಬಿಸಿಯಾಗಿ ಬಂದದ್ದು. ಬಸಾಲ್ಟ್ ಒಂದು. ಆಲಿವೀನ್ ಖನಿಜ ತುಂಬಿದ ಪೆರಿಡೊಟೈಟ್ ಇನ್ನೊಂದು. ನೀವು ಈಗ ಕೂತಿರುವ ನೆಲದ ಕೆಳಗೇ ಬಸಾಲ್ಟ್ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ದಖನ್ ಪ್ರಸ್ಥಭೂಮಿ ಆಯಿತು. ಇವತ್ತಿಗೂ ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ರಾಜ್ಯದಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಅದರ ತೆಂಕಣ ಅಂಚು ಬರುತ್ತದೆ.

ಬೀದರಿನವರಿಗೆ ಇದನ್ನು ಹೇಳುವುದು ಸುಲಭ. ಕೋಟೆಯ ಸುತ್ತ ಬಂಡೆ ಕೊರೆದು ಮಾಡಿದ ಮೂರು ಸಾಲು ಕಂದಕ ಇದೆಯಲ್ಲ, ಅಲ್ಲಿ ಇಳಿದು ನೋಡಿ. ಕೆಂಪು, ತೂತು ತೂತಾದ ಜಂಬಿಟ್ಟಿಗೆ ಕಲ್ಲು. ಅದೂ ಒಂದು ಕಾಲದಲ್ಲಿ ಕಪ್ಪು ಬಸಾಲ್ಟೇ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಆ ನೀರು ಲಕ್ಷಾಂತರ ವರ್ಷ ಬಂಡೆಯೊಳಗೆ ಇಳಿದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಯಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಆ ಕಬ್ಬಿಣದ ತುಕ್ಕೇ ಕಲ್ಲಿನ ಕೆಂಪು. ತೊಳೆದುಹೋದದ್ದು ಎಲ್ಲಿಗೆ ಹೋಯಿತು? ಬೈಕಾರ್ಬನೇಟ್ ರೂಪದಲ್ಲಿ ಇಂಗಾಲವನ್ನೂ ಕರೆದುಕೊಂಡು ಹೊಳೆ ಹಿಡಿದು ಸಮುದ್ರಕ್ಕೆ ಹೋಯಿತು. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಮಾಂಜ್ರಾ, ಗೋದಾವರಿ, ಬಂಗಾಳ ಕೊಲ್ಲಿ. ಅಲ್ಲಿ ಅದು ಹತ್ತಾರು ಸಾವಿರ ವರ್ಷ ನೀರಿನಲ್ಲೇ ಇರಬಲ್ಲದು. ನಿಧಾನಕ್ಕೆ ಚಿಪ್ಪಾಗಿ, ಸುಣ್ಣದ ಕಲ್ಲಾಗಿ ತಳ ಸೇರುತ್ತದೆ. (ನೌಬಾದಿನ ಕರೇಜ್‌ಗೆ, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗಕ್ಕೆ, ನೀರು ಬರುವುದೂ ಈ ಕೆಂಪು ಕಲ್ಲು ಮತ್ತು ಅಡಿಯ ಬಸಾಲ್ಟ್ ಸೇರುವ ಜಾಗದಿಂದ. ಅದನ್ನು ತೋಡಿಸಿದವರಿಗೆ ನಮಗಿಂತ ಜಾಸ್ತಿ ಭೂವಿಜ್ಞಾನ ಗೊತ್ತಿತ್ತು ಅನ್ನಿಸುತ್ತದೆ.)

ಅಂದರೆ ಕಲ್ಲು ಇಂಗಾಲ ಹಿಡಿಯುವುದು ಹೊಸ ಸಂಗತಿಯೇನಲ್ಲ. ಭೂಮಿಯ ಹವಾಮಾನ ಕೋಟ್ಯಂತರ ವರ್ಷ ಹದ ತಪ್ಪದೆ ಇದ್ದದ್ದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಬಿಸಿ ಹೆಚ್ಚಾದರೆ ಮಳೆ ಹೆಚ್ಚು, ಕಲ್ಲು ಬೇಗ ಕರಗುತ್ತದೆ, ಗಾಳಿಯ ಇಂಗಾಲ ಇಳಿಯುತ್ತದೆ. ತಂಪಾದರೆ ಇದೆಲ್ಲ ಮಂದವಾಗುತ್ತದೆ. ವಾಕರ್, ಹೇಸ್, ಕಾಸ್ಟಿಂಗ್ ಅನ್ನುವ ಮೂವರು ವಿಜ್ಞಾನಿಗಳು 1981ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು. ಭಾರತದ ಭೂಖಂಡ ಉತ್ತರಕ್ಕೆ ತೇಲಿ ಬರುವಾಗ ದಖನ್ ಬಸಾಲ್ಟ್ ಸಮಭಾಜಕದ ಮಳೆ ಪಟ್ಟಿಯನ್ನು ಹಾದು ಬಂತು. ಆಗ ಕರಗಿದ ಕಲ್ಲಿನಿಂದಲೇ ಭೂಮಿ ತಂಪಾಗತೊಡಗಿತು ಅಂತ ವಾದಿಸುವವರೂ ಇದ್ದಾರೆ.

ತೊಂದರೆ ಇರುವುದು ವೇಗದಲ್ಲಿ. ಜಗತ್ತಿನ ಎಲ್ಲ ಬಂಡೆಗಳು ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ನಾವು ಬಿಡುವುದು 3,700 ಕೋಟಿ ಟನ್ನಿನ ಆಸುಪಾಸು. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280 ಇದ್ದದ್ದು ಈಗ 420 ದಾಟಿದೆ. ಬಂಡೆಗಳು ಇದನ್ನೂ ಒಂದು ದಿನ ಇಳಿಸುತ್ತವೆ. ಲಕ್ಷ ವರ್ಷ ಕಾಯಬೇಕು, ಅಷ್ಟೆ.

ಹಾಗಾಗಿ ಈಗ ಜನ ಮಾಡುತ್ತಿರುವುದೆಲ್ಲ ಕಲ್ಲಿಗೆ ಅವಸರ ಮಾಡಿಸುವ ಕೆಲಸ. ಒಂದೋ ಅನಿಲವನ್ನು ಕಲ್ಲಿನ ಹತ್ತಿರ ಒಯ್ಯಬೇಕು, ಇಲ್ಲವೇ ಕಲ್ಲನ್ನು ಪುಡಿ ಮಾಡಿ ಗಾಳಿ, ನೀರಿನ ಹತ್ತಿರ ತರಬೇಕು.

ಮೊದಲನೆಯದಕ್ಕೆ ಐಸ್‌ಲ್ಯಾಂಡಿಗೆ ಹೋಗಬೇಕು. ಆ ದೇಶವೇ ಬಸಾಲ್ಟ್. ರಾಜಧಾನಿ ರೇಕ್ಯಾವಿಕ್ ಹತ್ತಿರ ಹೆಲ್ಲಿಶೇಯ್ದಿ ಅನ್ನುವಲ್ಲಿ ಭೂಮಿಯ ಬಿಸಿಯಿಂದ ವಿದ್ಯುತ್ ತಯಾರಿಸುವ ಸ್ಥಾವರ ಇದೆ. ಉಗಿಯ ಜೊತೆ ಒಂದಿಷ್ಟು ಇಂಗಾಲದ ಡೈಆಕ್ಸೈಡೂ ಮೇಲೆ ಬರುತ್ತದೆ. ಇದನ್ನು ವಾಪಸ್ ಕಲ್ಲಿಗೆ ಕಳಿಸೋಣ ಅಂತ ಕಾರ್ಬ್‌ಫಿಕ್ಸ್ ಯೋಜನೆ ಶುರುವಾಯಿತು. 2012ರಲ್ಲಿ ಸುಮಾರು 250 ಟನ್ ಅನಿಲವನ್ನು ನೀರಿನಲ್ಲಿ ಕರಗಿಸಿ ನೆಲದೊಳಗೆ ಇಳಿಸಿದರು. 400ರಿಂದ 800 ಮೀಟರ್ ಆಳ. ಸೋಡಾ ನೀರು ಅಂದುಕೊಳ್ಳಿ. ಬರೀ ಅನಿಲವನ್ನು ತುಂಬಿದರೆ ಅದು ಹಗುರ, ಬಿರುಕು ಸಿಕ್ಕರೆ ಮೇಲೆ ಬರುತ್ತದೆ. ಅನಿಲ ಕರಗಿದ ನೀರು ಸಾದಾ ನೀರಿಗಿಂತ ತುಸು ಭಾರ, ಕೆಳಗೇ ಹೋಗುತ್ತದೆ. ಈ ಹುಳಿ ನೀರು ಬಸಾಲ್ಟನ್ನು ಕರಗಿಸುತ್ತದೆ, ಕ್ಯಾಲ್ಸಿಯಂ ಹೊರಬರುತ್ತದೆ, ಇಂಗಾಲದ ಜೊತೆ ಸೇರಿ ಬಂಡೆಯ ಸಣ್ಣ ಸಣ್ಣ ಗುಳಿಗಳಲ್ಲಿ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನ ಖನಿಜ, ಆಗಿ ಕೂರುತ್ತದೆ.

ಇದಕ್ಕೆ ನೂರಾರು ವರ್ಷ ಬೇಕು ಅಂತ ಹೆಚ್ಚಿನವರು ನಂಬಿದ್ದರು. ನಿಜಕ್ಕೂ ಎಷ್ಟು ಬೇಕು ಅಂತ ತಿಳಿಯುವುದು ಹೇಗೆ? ಅವರು ಇಂಗಾಲಕ್ಕೆ ಗುರುತು ಹಾಕಿ ಕಳಿಸಿದರು. ಸ್ವಲ್ಪ ವಿಕಿರಣಶೀಲ ಇಂಗಾಲ ಬೆರೆಸಿದರು. ಜೊತೆಗೆ ಯಾವುದರ ಜೊತೆಯೂ ಸೇರದ ಇನ್ನೊಂದು ಅನಿಲವನ್ನೂ ಬೆರೆಸಿದರು. ಸ್ವಲ್ಪ ದೂರದ ಕೊಳವೆ ಬಾವಿಯಿಂದ ನೀರೆತ್ತಿ ನೋಡುತ್ತ ಹೋದರು. ಸೇರದ ಅನಿಲ ಬಂತು. ಅಂದರೆ ಕಳಿಸಿದ ನೀರು ಅಲ್ಲಿಗೆ ತಲುಪಿದೆ. ಆದರೆ ಅದರ ಜೊತೆ ಬರಬೇಕಿದ್ದ ಇಂಗಾಲ ಮಾತ್ರ ಬರಲಿಲ್ಲ. ದಾರಿಯಲ್ಲೇ ಕಲ್ಲಾಗಿತ್ತು. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಆ ಬಾವಿಯ ಪಂಪು ಕೈಕೊಟ್ಟಿತು. ಮೇಲೆತ್ತಿ ನೋಡಿದರೆ ಮೈತುಂಬ ಕ್ಯಾಲ್ಸೈಟ್ ಕಟ್ಟಿತ್ತು. 2016ರಲ್ಲಿ ಯೂರ್ಗ್ ಮ್ಯಾಟರ್ ಮತ್ತು ಜೊತೆಗಾರರು ಲೆಕ್ಕ ಕೊಟ್ಟರು: ಇಳಿಸಿದ್ದರಲ್ಲಿ 95 ಪ್ರತಿಶತಕ್ಕಿಂತ ಜಾಸ್ತಿ ಎರಡು ವರ್ಷದೊಳಗೆ ಕಲ್ಲಾಗಿತ್ತು. ಈ ಕ್ಷೇತ್ರದಲ್ಲಿ ನಾನು ಓದಿದ ಪ್ರಯೋಗಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಆದರೆ ಅದು ಸ್ಥಾವರದ ಅನಿಲ, ಗಾಳಿಯದಲ್ಲ. ಗಾಳಿಯಿಂದ ಹಿಡಿಯುವ ಕೆಲಸಕ್ಕೆ ಸ್ವಿಟ್ಜರ್ಲೆಂಡಿನ ಕ್ಲೈಮ್‌ವರ್ಕ್ಸ್ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಓರ್ಕಾ ಅನ್ನುವ ಘಟಕ, ವರ್ಷಕ್ಕೆ 4,000 ಟನ್ ಸಾಮರ್ಥ್ಯ. 2024ರ ಮೇ ತಿಂಗಳಲ್ಲಿ ಮ್ಯಾಮತ್, 36,000 ಟನ್ ಅಂತ ವಿನ್ಯಾಸ. ಕಾಗದದ ಮೇಲಿನ ಈ ಸಂಖ್ಯೆಯನ್ನು ಅವು ಮುಟ್ಟಿಲ್ಲ. ಗಾಳಿಯಿಂದ ಇಂಗಾಲ ಹೆಕ್ಕುವುದೇ ಕಷ್ಟದ ಮತ್ತು ದುಬಾರಿಯ ಭಾಗ. ಹತ್ತು ಸಾವಿರದಲ್ಲಿ ನಾಲ್ಕು ಕಣ ಹುಡುಕಬೇಕಲ್ಲ. ಅದನ್ನು ಕಲ್ಲು ಮಾಡುವುದು ಅದಕ್ಕೆ ಹೋಲಿಸಿದರೆ ಸಲೀಸು.

ದಖನ್‌ನಲ್ಲಿ ಇದೇ ಮಾಡಬಹುದಲ್ಲ ಅಂತ ನಿಮಗೆ ಅನ್ನಿಸಿರಬೇಕು. ಬಂಡೆ ಇದೆ, ಹೌದು. ಆದರೆ ಕಾರ್ಬ್‌ಫಿಕ್ಸ್ ವಿಧಾನಕ್ಕೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವಿಜಯಪುರ, ಕಲಬುರಗಿಯಲ್ಲಿ ನಿಂತು ಯಾರಾದರೂ ಆ ನೀರು ಕೇಳಿ ನೋಡಲಿ! ಸಮುದ್ರದ ನೀರು ಬಳಸುವ ಅಧ್ಯಯನಗಳೂ ನಡೆದಿವೆ, ಆದರೆ ಸಮುದ್ರ ನಮ್ಮ ಬಂಡೆಯಿಂದ ದೂರ. ನೀರಿಲ್ಲದೆ ಒತ್ತಡದಲ್ಲಿ ಅನಿಲವನ್ನೇ ಇಳಿಸುವ ದಾರಿಯೂ ಉಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲ್ಲೂಲಾದಲ್ಲಿ 2013ರಲ್ಲಿ ಸುಮಾರು 1,000 ಟನ್ ಹಾಗೆ ಇಳಿಸಿದರು. ಎರಡು ವರ್ಷದ ಮೇಲೆ ಕಲ್ಲಿನ ತುಣುಕು ತೆಗೆದು ನೋಡಿದಾಗ ಇಂಗಾಲ ಹಿಡಿದ ಖನಿಜದ ಗಂಟುಗಳು ಸಿಕ್ಕವು. ಆ ಬಂಡೆ ದಖನ್ ಬಸಾಲ್ಟಿನ ಹತ್ತಿರದ ಸಂಬಂಧಿ. ಆದರೂ ನೆಲದೊಳಗೆ ಒತ್ತಡ ಹಾಕುವ ಮುಂಚೆ 1993ರ ಲಾತೂರ್ ಭೂಕಂಪ ನೆನಪಿಟ್ಟುಕೊಂಡು ಮಾತಾಡಬೇಕು. ಹೆಲ್ಲಿಶೇಯ್ದಿಯಲ್ಲೇ 2011ರಲ್ಲಿ ಸ್ಥಾವರದ ಬಳಸಿದ ನೀರನ್ನು ನೆಲಕ್ಕೆ ಇಳಿಸಿದಾಗ ಜನರಿಗೆ ತಿಳಿಯುವಷ್ಟು ಕಂಪನಗಳಾಗಿದ್ದವು.

ಒಮಾನ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಅದಕ್ಕೂ ನಮ್ಮ ಮೈಸೂರಿಗೂ ನಂಟಿದೆ. ಒಮಾನಿನಲ್ಲಿ ಭೂಮಿಯ ಹೊದಿಕೆಯ ಪದರದ ಪೆರಿಡೊಟೈಟ್ ಮೇಲೆದ್ದು ಬೆಟ್ಟವಾಗಿದೆ. ಅಲ್ಲಿಯ ಊಟೆಗಳ ನೀರು ತುಂಬ ಕ್ಷಾರ. ಗಾಳಿ ತಾಗಿದ ಕೂಡಲೇ ಮೇಲೆ ಬಿಳಿ ಸುಣ್ಣದ ಕೆನೆ ಕಟ್ಟುತ್ತದೆ. ಬಂಡೆಯ ಬಿರುಕು ಬಿರುಕಿನಲ್ಲೂ ಬಿಳಿ ಗೆರೆಗಳು. ಎಲ್ಲ ತಾನಾಗಿಯೇ ಆದದ್ದು. ಈಗ 44.01 ಅನ್ನುವ ಕಂಪನಿ ಅನಿಲ ಕರಗಿದ ನೀರನ್ನು ಇಂಥ ಬಂಡೆಗೆ ಇಳಿಸುತ್ತಿದೆ. ಇಂಗಾಲದ ಡೈಆಕ್ಸೈಡಿನ ಅಣುತೂಕವನ್ನೇ ಹೆಸರಾಗಿ ಇಟ್ಟುಕೊಂಡಿದ್ದಾರೆ. 2022ರಲ್ಲಿ ಪರಿಸರದ ಕೆಲಸಕ್ಕೆ ಕೊಡುವ ಅರ್ಥ್‌ಶಾಟ್ ಪ್ರಶಸ್ತಿಯೂ ಸಿಕ್ಕಿತು.

ಮೈಸೂರು ತಾಲೂಕಿನ ದೊಡ್ಡಕಾನ್ಯ, ನಂಜನಗೂಡು ಕಡೆಯ ಕಾರ್ಯ, ತಮಿಳುನಾಡಿನ ಸೇಲಂ ಬೆಟ್ಟಗಳು, ಇಲ್ಲೆಲ್ಲ ಇದೇ ಬಗೆಯ ಹಸುರುಗಪ್ಪು ಬಂಡೆಯಲ್ಲಿ ಬಿಳಿ ಮ್ಯಾಗ್ನೆಸೈಟ್ ಎಳೆಗಳಿವೆ. ಮ್ಯಾಗ್ನೆಸೈಟ್ ಅಂದರೆ ಮೆಗ್ನೀಸಿಯಂ ಹಿಡಿದುಕೊಂಡ ಇಂಗಾಲ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಗಾಲದ ಡೈಆಕ್ಸೈಡೇ. ನಾವು ಅದನ್ನು ಅಗೆದು ಏನು ಮಾಡಿದೆವು? ಉಕ್ಕಿನ ಕುಲುಮೆಗೆ ಬೇಕಾದ, ಬೆಂಕಿ ತಡೆಯುವ ಇಟ್ಟಿಗೆಗಾಗಿ ಸುಟ್ಟೆವು. ಬಂಡೆ ಅಷ್ಟು ಕಾಲ ಹಿಡಿದಿಟ್ಟಿದ್ದು ಗಾಳಿಗೆ ಹೋಯಿತು.

ಈಗ ಎರಡನೇ ದಾರಿ. ಕಲ್ಲನ್ನು ಪುಡಿ ಮಾಡಿ ಹೊಲಕ್ಕೆ ಹಾಕುವುದು. ಕಲ್ಲುಸಕ್ಕರೆಗಿಂತ ಸಕ್ಕರೆ ಪುಡಿ ಬೇಗ ಕರಗುತ್ತದೆ, ಅದೇ ತತ್ವ. ಮಣ್ಣಿನೊಳಗೆ ಬೇರು, ಸೂಕ್ಷ್ಮಜೀವಿಗಳ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ಕಲ್ಲು ಅಲ್ಲಿ ಬೇಗ ಕರಗುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಡೇವಿಡ್ ಬೀರ್ಲಿಂಗ್ ತಂಡ 2020ರಲ್ಲಿ ಒಂದು ಅಂದಾಜು ಕೊಟ್ಟಿತು. ದೊಡ್ಡ ಕೃಷಿ ದೇಶಗಳು ಮನಸ್ಸು ಮಾಡಿದರೆ ವರ್ಷಕ್ಕೆ 50ರಿಂದ 200 ಕೋಟಿ ಟನ್ ಹಿಡಿಯಬಹುದು. ಚೀನಾ, ಅಮೆರಿಕದ ಜೊತೆ ಭಾರತವೂ ಪಟ್ಟಿಯ ಮೇಲ್ತುದಿಯಲ್ಲಿದೆ. ಅಮೆರಿಕದ ಇಲಿನಾಯ್ ರಾಜ್ಯದ ಪ್ರಯೋಗದಲ್ಲಿ ನಾಲ್ಕು ವರ್ಷ, ಪ್ರತಿ ವರ್ಷ ಎಕರೆಗೆ 20 ಟನ್ ಲೆಕ್ಕದಲ್ಲಿ ಬಸಾಲ್ಟ್ ಪುಡಿ ಹಾಕಿದರು. ಜೋಳ, ಸೋಯಾ ಇಳುವರಿ 12ರಿಂದ 16 ಪ್ರತಿಶತ ಏರಿತು. ಅಲ್ಲಿಯ ಜೋಳ ಅಂದರೆ ನಮ್ಮ ಮೆಕ್ಕೆಜೋಳ.

ನಮ್ಮ ದೇಶದಲ್ಲಿ ಛತ್ತೀಸ್‌ಗಢ, ಮಧ್ಯಪ್ರದೇಶದ ಸಣ್ಣ ಭತ್ತದ ರೈತರ ಜೊತೆ ಮಾಟಿ ಕಾರ್ಬನ್ ಅನ್ನುವ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಭತ್ತದ ಗದ್ದೆ ಬೆಚ್ಚಗಿರುತ್ತದೆ, ತೇವ ಇರುತ್ತದೆ, ಕಲ್ಲಿಗೆ ಹೇಳಿ ಮಾಡಿಸಿದ ಜಾಗ. 2025ರ ಏಪ್ರಿಲ್‌ನಲ್ಲಿ, ಇಂಗಾಲ ತೆಗೆಯುವವರಿಗಾಗಿ ನಡೆದ ಎಕ್ಸ್‌ಪ್ರೈಜ್ ಸ್ಪರ್ಧೆಯ ಮೊದಲ ಬಹುಮಾನ ಇವರಿಗೆ ಬಂತು. 5 ಕೋಟಿ ಡಾಲರ್. ದೊಡ್ಡ ದೊಡ್ಡ ಯಂತ್ರ ಕಟ್ಟಿದವರೆಲ್ಲ ಇದ್ದ ಸ್ಪರ್ಧೆಯಲ್ಲಿ ಕಲ್ಲುಪುಡಿ ಗೆದ್ದಿತು.

ಇಷ್ಟು ಕೇಳಿ ಖುಷಿಪಡುವ ಮುಂಚೆ ಅಳತೆಯ ಕಷ್ಟ ನೋಡಿ. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ಐಸ್‌ಲ್ಯಾಂಡಿನಲ್ಲಿ ಕೊಳವೆಗೆ ಮೀಟರ್ ಇದೆ, ಎಷ್ಟು ಹೋಯಿತು ಅಂತ ಗೊತ್ತು. ಹೊಲದಲ್ಲಿ ಮೀಟರ್ ಎಲ್ಲಿ ಇಡುತ್ತೀರಿ? ಪುಡಿ ಹಾಕುವ ಮೊದಲು ಮತ್ತು ಆಮೇಲೆ ಮಣ್ಣು ತೆಗೆದು, ಕರಗದ ಟೈಟಾನಿಯಂನಂಥ ಧಾತುವಿಗೆ ಹೋಲಿಸಿ ಕ್ಯಾಲ್ಸಿಯಂ ಎಷ್ಟು ಕಡಿಮೆಯಾಯಿತು ಅಂತ ನೋಡುತ್ತಾರೆ. ಆದರೆ ಒಂದೇ ಹೊಲದಲ್ಲಿ ಹತ್ತು ಹೆಜ್ಜೆಗೆ ಮಣ್ಣು ಬದಲಾಗುತ್ತದೆ. ಇನ್ನೊಂದು ತೊಡಕು ಗೊಬ್ಬರ. ಯೂರಿಯಾ, ಡಿಎಪಿ ಮಣ್ಣಿನಲ್ಲಿ ನೈಟ್ರಿಕ್ ಆಮ್ಲ ಹುಟ್ಟಿಸುತ್ತವೆ. ಕಲ್ಲು ಆ ಆಮ್ಲಕ್ಕೆ ಕರಗಿದರೆ ಗಾಳಿಯ ಇಂಗಾಲ ಹಿಡಿದ ಹಾಗಾಗುವುದಿಲ್ಲ. ಕರಗಿದ್ದು ಮಾತ್ರ ಲೆಕ್ಕದಲ್ಲಿ ಕಾಣುತ್ತದೆ. ಇನ್ನು ಕರಗಿದ ಕ್ಯಾಲ್ಸಿಯಂ ಜೇಡಿಗೆ ಅಂಟಿಕೊಂಡು ವರ್ಷಗಟ್ಟಲೆ ಕೂತರೆ ಲಾಭ ಅಷ್ಟು ಕಾಲ ಮುಂದಕ್ಕೆ ಹೋಗುತ್ತದೆ.

ಹೀಗಿದ್ದೂ ಟನ್ನಿಗೆ ಇಷ್ಟು ಅಂತ ಮಾರಾಟ ನಡೆದಿದೆ. 2023ರಲ್ಲಿ, ಹೊಲಕ್ಕೆ ಬಸಾಲ್ಟ್ ಪುಡಿ ಹಾಕಿಸುವ ಅಮೆರಿಕದ ಲಿಥೋಸ್ ಕಂಪನಿಯಿಂದ ದೊಡ್ಡ ತಂತ್ರಜ್ಞಾನ ಕಂಪನಿಗಳ ಒಕ್ಕೂಟವೊಂದು 1,54,240 ಟನ್ ತೆಗೆಯಿಸಲು 5.71 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಟನ್ನಿಗೆ 370 ಡಾಲರ್. ಕೊಂಡವರು ಅಷ್ಟು ಹೊಗೆಯನ್ನು ತಮ್ಮ ಲೆಕ್ಕದಿಂದ ಕಳೆಯಬಹುದು. ಹೊಗೆ ಬಿಟ್ಟದ್ದು ಕಿಲೋ ಲೆಕ್ಕದಲ್ಲಿ ಖಚಿತ, ಹಿಡಿದದ್ದು ಅಂದಾಜು. ಅಂದಾಜಿನ ಮೇಲೆ ಖಚಿತವಾದದ್ದನ್ನು ಅಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಒಂದು ಕೂಡಿ ಕಳೆಯುವ ಲೆಕ್ಕ ಮಾಡೋಣ. ಸಾಮಾನ್ಯ ಬಸಾಲ್ಟ್ ಒಂದು ಟನ್ ಪೂರ್ತಿ ಕರಗಿದರೂ ಹಿಡಿಯುವುದು ಸುಮಾರು 300 ಕಿಲೋ. ನಮ್ಮ ಬೂದಿ ಜಾಸ್ತಿ ಇರುವ ಕಲ್ಲಿದ್ದಲು ಒಂದು ಟನ್ ಸುಟ್ಟರೆ ಒಂದೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಒಂದು ಟನ್ ಕಲ್ಲಿದ್ದಲಿನ ಹೊಗೆಗೆ 5 ಟನ್ ಕಲ್ಲು ಅಗೆದು, ಅರೆದು, ಹರಡಬೇಕು. 2024-25ರಲ್ಲಿ ಭಾರತ ಅಗೆದ ಕಲ್ಲಿದ್ದಲು 100 ಕೋಟಿ ಟನ್ ದಾಟಿತು. ಐದರಿಂದ ಗುಣಿಸಿ. ರಾಯಚೂರಿನ ಸ್ಥಾವರಕ್ಕೆ ಬರುವ ಒಂದೊಂದು ಕಲ್ಲಿದ್ದಲಿನ ರೈಲಿಗೆ ಐದು ರೈಲು ಬಸಾಲ್ಟ್ ಪುಡಿ ಹೊರಡಬೇಕು. ಸುಡುವುದನ್ನು ನಿಲ್ಲಿಸುವುದೇ ಅಗ್ಗ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಕಲ್ಲಿನ ಕೆಲಸ ಉಳಿಯುವುದು ನಿಲ್ಲಿಸಲಾಗದ್ದಕ್ಕೆ ಮತ್ತು ಈಗಾಗಲೇ ಮೇಲೆ ಹೋಗಿರುವುದಕ್ಕೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಮರ ನೆಟ್ಟರೆ ಸಾಕಲ್ವಾ?" ನೆಡಬೇಕು. ಆದರೆ ಮರ ಸುಟ್ಟರೆ, ಕೊಳೆತರೆ ಇಂಗಾಲ ವಾಪಸ್ ಬರುತ್ತದೆ. ಕಲ್ಲಾದದ್ದು ಹಾಗೆ ಬರುವುದಿಲ್ಲ.

ಒಬ್ಬ ಶಿಕ್ಷಕರು ಗ್ರಾನೈಟ್ ಪುಡಿ ಆಗುತ್ತದಾ ಅಂದರು. ಗ್ರಾನೈಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಬೆಣಚು ಜಾಸ್ತಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಚಾಮರಾಜನಗರ, ಕನಕಪುರದ ಕಪ್ಪು ಗ್ರಾನೈಟ್ ಅಂತ ಮಾರುವುದು ಮಾತ್ರ ನಿಜಕ್ಕೆ ಡಾಲೆರೈಟ್, ಬಸಾಲ್ಟಿನ ಮನೆಯದೇ. ಅದನ್ನು ಕೊಯ್ಯುವಾಗ ಬೀಳುವ ಪುಡಿಯನ್ನು ಪರೀಕ್ಷಿಸಿ ನೋಡುವುದಕ್ಕೆ ಅರ್ಥ ಇದೆ. ಪೆರಿಡೊಟೈಟ್ ಪುಡಿಯನ್ನು ಹೊಲಕ್ಕೆ ಹಾಕುವುದು ಬೇಡ. ಅದರಲ್ಲಿ ನಿಕಲ್, ಕ್ರೋಮಿಯಂ ಜಾಸ್ತಿ ಇರುತ್ತವೆ.

ಕೊನೆಗೆ ಎದ್ದು ನಿಂತವರು ಒಬ್ಬ ಹಿರಿಯ ರೈತರು. "ನಮ್ಮೂರ ಕ್ರಷರ್ ಹತ್ತಿರ ಡಸ್ಟ್ ಗುಡ್ಡೆ ಬಿದ್ದದೆ. ಹೊಲಕ್ಕೆ ಹಾಕಲೇನು?"

ನಾನು ಕೇಳಿದೆ, "ಯಾವ ಹೊಲ ಯಜಮಾನ್ರೇ, ಎರೆನೋ ಕೆಂಪೋ?" ಎರಡೂ ಇದೆ ಅಂದರು. ಎರೆಹೊಲಕ್ಕೆ ಬೇಡ. ಎರೆಮಣ್ಣು ಹುಟ್ಟಿದ್ದೇ ಬಸಾಲ್ಟಿನಿಂದ. ಅಗೆದರೆ ಸುಣ್ಣದ ಗಂಟುಗಳು ಸಿಗುತ್ತವೆ. ಅಷ್ಟು ಕ್ಷಾರ ಇರುವ ಮಣ್ಣಿನಲ್ಲಿ ಕಲ್ಲು ಬಲು ನಿಧಾನ ಕರಗುತ್ತದೆ. ಕೆಂಪು ಮಣ್ಣು ಹುಳಿ ಇದ್ದರೆ ಉಪಯೋಗ ಆಗಬಹುದು. ಆ ಲೆಕ್ಕದಲ್ಲಿ ಕಲ್ಲು ಇರುವುದು ನಮ್ಮ ಕಡೆ, ಅದಕ್ಕೆ ಹಸಿದ ಮಣ್ಣು ಇರುವುದು ಮಲೆನಾಡು, ಕರಾವಳಿಯಲ್ಲಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಅಂತ ಬಂದರೆ ಎರಡು ಗುಂಟೆಯಲ್ಲಿ ಹಾಕಿ, ಪಕ್ಕದ ಎರಡು ಗುಂಟೆ ಹಾಗೇ ಬಿಟ್ಟು ನೋಡಿ. ಹರಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಯಾವುದಾದರೂ ಕಂಪನಿ ಬಂದು ಪುಕ್ಕಟೆ ಪುಡಿ ಕೊಡುತ್ತೇವೆ ಅಂದರೆ ಮೂರು ವಿಷಯ ಬರೆಸಿಕೊಳ್ಳಿ: ಪುಡಿಯಲ್ಲಿ ಯಾವ ಲೋಹ ಎಷ್ಟಿದೆ, ಇಂಗಾಲ ಮಾರಿದ ಹಣದಲ್ಲಿ ನಿಮಗೆಷ್ಟು, ಮಣ್ಣಿನ ವರದಿ ನಿಮಗೆ ಕನ್ನಡದಲ್ಲಿ ಕೊಡುತ್ತಾರಾ.

ಅವರು ಕೂರಲಿಲ್ಲ. "ಎಕರೆಗೆ 20 ಟನ್ ಅಂದ್ರಿ. ಎರಡು ಟಿಪ್ಪರ್. ಆ ಬಾಡಿಗೆ ಯಾರು ಕೊಡಬೇಕು?"

ಇಂಗಾಲ ಮಾರುವವರು ಕೊಡಬೇಕು ಅಂದೆ. ಅವರು ಕೊಡದಿದ್ದರೆ ಹಾಕಬೇಡಿ.